ಪ್ಲಾಸ್ಟಿಕ್ ಮಾಡೆಲ್ ಕಿಟ್: ಗುಣಮಟ್ಟ ಅರಿಯುವುದು ಹೇಗೆ?

ವಿಮಾನ, ಟ್ಯಾಂಕ್, ಹಡಗುಗಳ ಕಿರುಪ್ರತಿಕೃತಿಗಳನ್ನು ಜೋಡಿಸುವ ಹವ್ಯಾಸಕ್ಕೆ ಕಾಲಿಡುವವರು ಕಿಟ್ ಕೊಳ್ಳುವುದು ಬಹುಪಾಲು ಪೆಟ್ಟಿಗೆಯ ಮೇಲಿನ ವರ್ಣಚಿತ್ರಕ್ಕೆ ಮಾರುಹೋಗಿ. ಮನೆಗೆ ತಂದು ಜೋಡಿಸತೊಡಗಿದಾಗ ರೆಕ್ಕೆ ಒಡಲಿಗೆ ಕೂಡುವುದಿಲ್ಲ, ಸಂದಿನಲ್ಲಿ ಬಿರುಕು ಉಳಿಯುತ್ತದೆ. ತಪ್ಪು ತಮ್ಮ ಕೈಯದೆಂದು ಭಾವಿಸಿ ಹವ್ಯಾಸವನ್ನೇ ತೊರೆಯುವವರುಂಟು. ಆದರೆ ಅನೇಕ ವೇಳೆ ದೋಷ ಕೈಯದಲ್ಲ, ಅಚ್ಚಿನದು.

ಅಚ್ಚಿನ ವಯಸ್ಸು

ಕರಗಿಸಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಲೋಹದ ಅಚ್ಚಿನೊಳಗೆ ಅಧಿಕ ಒತ್ತಡದಲ್ಲಿ ತುಂಬಿ ಬಿಡಿಭಾಗಗಳನ್ನು ತಯಾರಿಸಲಾಗುತ್ತದೆ. ಅಚ್ಚು ಬಲು ದುಬಾರಿ. ಆದಕಾರಣ ಒಂದೇ ಅಚ್ಚನ್ನು ದಶಕಗಳ ಕಾಲ ಬಳಸುವುದೂ, ಒಂದು ಸಂಸ್ಥೆಯ ಬಿಡಿಭಾಗಗಳನ್ನು ಇನ್ನೊಂದು ಸಂಸ್ಥೆ ತನ್ನ ಪೆಟ್ಟಿಗೆಯಲ್ಲಿ ಮಾರುವುದೂ ಈ ಉದ್ಯಮದ ರೂಢಿ. ಪೆಟ್ಟಿಗೆ ಹೊಸದಾದ ಮಾತ್ರಕ್ಕೆ ಒಳಗಿನ ಸರಕೂ ಹೊಸದಲ್ಲ.

ಬ್ರಿಟನ್ನಿನ ಏರ್‌ಫಿಕ್ಸ್ ಸಂಸ್ಥೆ 1/72 ಅಳತೆಯ ತನ್ನ ಮೊದಲ ಸ್ಪಿಟ್‌ಫೈರ್ ಕಿಟ್ಟನ್ನು 1950ರ ದಶಕದಲ್ಲಿ ಹೊರತಂದಿತು. ಅದೇ ವಿಮಾನಕ್ಕೆ ಮುಂದೆ ಹಲವು ಸಲ ಹೊಸ ಅಚ್ಚು ಮಾಡಿತು. ಆದ್ದರಿಂದ ಸಂಸ್ಥೆಯ ಹೆಸರಷ್ಟೇ ಸಾಲದು. ಅಚ್ಚು ಯಾವ ವರ್ಷದ್ದೆಂಬುದನ್ನು ವಿಚಾರಿಸುವುದು ಲೇಸು.

ಬಿಡಿಭಾಗಗಳ ಪರೀಕ್ಷೆ

ಪೆಟ್ಟಿಗೆ ತೆರೆದೊಡನೆ ಗಮನಿಸಬೇಕಾದ ಅಂಶಗಳಿವು:

* ಪ್ಯಾನೆಲ್ ಗೆರೆಗಳು: ಹಳೆಯ ಅಚ್ಚುಗಳಲ್ಲಿ ಗೆರೆಗಳು ಸಾಮಾನ್ಯವಾಗಿ ಉಬ್ಬಿರುತ್ತವೆ, ಹೊಸತರಲ್ಲಿ ಕೊರೆದಂತಿರುತ್ತವೆ. ಸಂದುಗಳನ್ನು ಉಜ್ಜುವಾಗ ಉಬ್ಬುಗೆರೆಗಳು ಅಳಿಸಿಹೋಗುತ್ತವೆ. ಕೊರೆದ ಗೆರೆ ತೀರಾ ಅಗಲವಾಗಿದ್ದರೂ ಸಹಜವೆನಿಸದು.
* ಫ್ಲ್ಯಾಶ್: ಅಂಚಿನಲ್ಲಿ ಉಳಿದ ತೆಳುಪೊರೆ. ಅಚ್ಚು ಸವೆದಿರುವುದರ ಅಥವಾ ಅದರ ಅರ್ಧಗಳು ಬಿಗಿಯಾಗಿ ಕೂಡದಿರುವುದರ ಕುರುಹು.
* ಗುಳಿಗಳು: ಪ್ಲಾಸ್ಟಿಕ್ ದಪ್ಪವಾಗಿರುವೆಡೆ ತಣಿಯುವಾಗ ಕುಗ್ಗಿ ಉಂಟಾಗುತ್ತವೆ. ಪುಟ್ಟಿ ತುಂಬಿ ಸರಿಪಡಿಸಬೇಕು.
* ದುಂಡು ಗುರುತುಗಳು: ಬಿಡಿಭಾಗವನ್ನು ಅಚ್ಚಿನಿಂದ ಹೊರತಳ್ಳುವ ಪಿನ್ನುಗಳ ಗುರುತುಗಳಿವು. ಒಳಮೈಯಲ್ಲಿದ್ದರೆ ಬಾಧಕವಿಲ್ಲ, ಕಣ್ಣಿಗೆ ಬೀಳುವೆಡೆ ಇದ್ದರೆ ಅಚ್ಚಿನ ವಿನ್ಯಾಸ ಸಾಧಾರಣವೆಂದೇ ಅರ್ಥ.
* ಪಾರದರ್ಶಕ ಭಾಗಗಳು: ಕಾಕ್‌ಪಿಟ್ ಮುಚ್ಚಳ ತೆಳುವಾಗಿ, ತಿಳಿಯಾಗಿರಬೇಕು. ಸೀಳಿದ್ದರೆ ಮರೆಮಾಚುವುದು ದುಸ್ತರ.
* ಡೆಕಾಲ್‌ಗಳು: ನೀರಿನಲ್ಲಿ ನೆನೆಸಿ ಅಂಟಿಸುವ ಈ ಚಿಹ್ನೆಗಳಲ್ಲಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿರಬೇಕು. ವೃತ್ತದ ಮಧ್ಯಬಿಂದು ಪಕ್ಕಕ್ಕೆ ಸರಿದಿದ್ದರೆ ಮುದ್ರಣ ಕಳಪೆ.

ಅಂಟಿಲ್ಲದ ಜೋಡಣೆ

ಎಲ್ಲಕ್ಕಿಂತ ವಿಶ್ವಾಸಾರ್ಹ ಪರೀಕ್ಷೆಯೆಂದರೆ ಮುಖ್ಯ ಭಾಗಗಳನ್ನು ಕತ್ತರಿಸಿ, ಅಂಟು ಹಾಕದೆ, ಟೇಪಿನಿಂದ ಹಿಡಿದು ನೋಡುವುದು. ರೆಕ್ಕೆಯೂ ಒಡಲೂ ಕೂಡುವೆಡೆ ಕಾಣುವ ಸಂದೇ ಕಿಟ್ಟಿನ ನಿಜಬಣ್ಣವನ್ನು ತಿಳಿಸುತ್ತದೆ. ಆದರೆ ಕತ್ತರಿಸುವಾಗ ಉಳಿದ ಪ್ಲಾಸ್ಟಿಕ್ ಮೊಳಕೆಯನ್ನು ಮೊದಲು ಉಜ್ಜಿ ತೆಗೆಯಬೇಕು. ಇಲ್ಲವಾದರೆ ಒಳ್ಳೆಯ ಕಿಟ್ಟನ್ನೂ ಕೆಟ್ಟದ್ದೆಂದು ಎಣಿಸುವ ಅಪಾಯವಿದೆ.

ಅಳತೆಯ ನಿಖರತೆ

ಇದಕ್ಕೆ ಒಂದು ಅಳತೆಪಟ್ಟಿ ಸಾಕು. ಆರಂಭಿಕ ಸ್ಪಿಟ್‌ಫೈರ್‌ನ ರೆಕ್ಕೆಯ ಹರವು 11.23 ಮೀಟರ್. ಅದನ್ನು 72ರಿಂದ ಭಾಗಿಸಿದರೆ 156 ಮಿಲಿಮೀಟರ್. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಕಾಣದು. ಹತ್ತು ಮಿಲಿಮೀಟರ್ ಆದರೆ ಆಕಾರವೇ ಬೇರೆ.

ಮೊದಲ ಆಯ್ಕೆ

ಬಿಡಿಭಾಗಗಳ ಸಂಖ್ಯೆ ಗುಣಮಟ್ಟದ ಅಳತೆಗೋಲಲ್ಲ. ನೂರಾರು ಭಾಗಗಳ ಕಿಟ್ ನುರಿತವರಿಗೆ ಹಬ್ಬವಾದರೆ ಹೊಸಬರಿಗೆ ತಲೆನೋವು. ಜಪಾನಿನ ಶಿಝುವೊಕಾದ ತಮಿಯಾ ಸಂಸ್ಥೆಯ ಕಿಟ್‌ಗಳು ಸಲೀಸಾದ ಜೋಡಣೆಗೆ ಹೆಸರಾಗಿವೆ. ಇತ್ತೀಚಿನ ಅಚ್ಚಿನ, ಕಡಿಮೆ ಭಾಗಗಳ, ಚಿತ್ರಸಹಿತ ಸ್ಪಷ್ಟ ಸೂಚನೆಗಳಿರುವ ಕಿಟ್ಟಿನಿಂದ ಆರಂಭಿಸುವುದು ಸೂಕ್ತ.

ಪೊರೆ, ಗುಳಿ, ಸಣ್ಣ ಸಂದುಗಳನ್ನು ಚಾಕು, ಪುಟ್ಟಿ, ಉಜ್ಜುಕಾಗದಗಳಿಂದ ತಿದ್ದಬಹುದು. ಪ್ಲಾಸ್ಟಿಕ್ ಪೂರ್ತಿ ತುಂಬದೆ ಅರೆಬರೆಯಾದ ಭಾಗ, ಸೀಳಿದ ಮುಚ್ಚಳ, ಕಾಣೆಯಾದ ಚೌಕಟ್ಟು ಇವು ತಿದ್ದುವಂಥವಲ್ಲ. ಕತ್ತರಿ ಹಾಕುವ ಮುನ್ನವೇ ಅವನ್ನು ಗುರುತಿಸಿದರೆ ಕಿಟ್ಟನ್ನು ಅಂಗಡಿಗೆ ಹಿಂದಿರುಗಿಸುವ ಹಾದಿಯಾದರೂ ತೆರೆದಿರುತ್ತದೆ.