ಗುಬ್ಬಿ ಕಂಪನಿಯ ತಾಯಂದಿರು ಮತ್ತು ತೆರೆಯ ಮೇಲಿನ ತಾಯಿ

ಕನ್ನಡ ಸಿನಿಮಾದಲ್ಲಿ ತಾಯಿಗೆ ಬರವಿಲ್ಲ, ದುಡಿಯುವ ತಾಯಿಗೆ ಮಾತ್ರ ಜಾಗ ಇಕ್ಕಟ್ಟು. 2018 ಮತ್ತು 2022ರಲ್ಲಿ ಬಂದ ‘ಕೆಜಿಎಫ್‌’ನ ಎರಡೂ ಭಾಗಗಳನ್ನು ಹೊತ್ತು ನಡೆಸುವುದು ತಾಯಿಗೆ ಮಗ ಕೊಟ್ಟ ಮಾತು. ಆದರೆ ಕಡುಬಡತನದಲ್ಲಿ ಒಂಟಿಯಾಗಿ ಮಗನನ್ನು ಸಾಕಿದ ಆ ಹೆಂಗಸಿನ ದುಡಿಮೆಯ ಮೇಲೆ ಕ್ಯಾಮೆರಾ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆಕೆ ಬೇಗ ಸಾಯುತ್ತಾಳೆ, ಸತ್ತ ಮೇಲೆ ಮಗನ ಹಟವಾಗಿ ಉಳಿಯುತ್ತಾಳೆ. ತಾಯಿ ಎಂದರೆ ಮನೆ ಮತ್ತು ತ್ಯಾಗ, ದುಡಿಮೆ ಎಂದರೆ ಹೊರಗಿನ ಲೋಕ ಎಂಬ ಈ ವಿಂಗಡಣೆ ನಮ್ಮ ಬದುಕಿನಿಂದಲೇ ತೆರೆಗೆ ಬಂತೆಂದು ಬಹಳ ಜನ ನಂಬಿದ್ದಾರೆ. ಕನ್ನಡ ಚಿತ್ರರಂಗದ ಬೇರುಗಳಲ್ಲೊಂದಾದ ಗುಬ್ಬಿ ಕಂಪನಿಯ ಚರಿತ್ರೆಯನ್ನು ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ.

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಗುಬ್ಬಿ ವೀರಣ್ಣನವರ ಕೈಗೆ ಬಂದ ಮೇಲೆ ನಾಡಿನುದ್ದಕ್ಕೂ ಬೆಳೆಯಿತು. ಗಂಡಸರೇ ಸೀರೆ ಉಟ್ಟು ಹೆಣ್ಣಿನ ಪಾರ್ಟು ಮಾಡುತ್ತಿದ್ದ ಕಾಲದಲ್ಲಿ ಹೆಂಗಸರನ್ನು ರಂಗಕ್ಕೆ ಕರೆತಂದು ನಿಲ್ಲಿಸಿದ ಕಂಪನಿಗಳಲ್ಲಿ ಇದು ಮುಂಚೂಣಿಯದು. ಸುಂದರಮ್ಮ, ಬಿ. ಜಯಮ್ಮ ಇಬ್ಬರೂ ವೀರಣ್ಣನವರ ಪತ್ನಿಯರು, ಇಬ್ಬರೂ ಕಂಪನಿಯ ನಟಿಯರು. ಮಗಳು ಜಿ.ವಿ. ಮಾಲತಮ್ಮ ಬಣ್ಣ ಹಚ್ಚಿದರು. ಮಾಲತಮ್ಮನವರ ಮಗಳು ಬಿ. ಜಯಶ್ರೀ ಎಳವೆಯಲ್ಲೇ ರಂಗಕ್ಕೆ ಬಂದು, 1976ರಲ್ಲಿ ‘ಸ್ಪಂದನ’ ತಂಡ ಕಟ್ಟಿ, ಮುಂದೆ ರಂಗಾಯಣದ ನಿರ್ದೇಶಕಿಯಾಗಿ, ರಾಜ್ಯಸಭೆಯ ಸದಸ್ಯೆಯೂ ಆದರು. ಈ ಪೀಳಿಗೆಗಳ ಸಾಲಿನಲ್ಲಿ ಕಸುಬು ಮತ್ತು ಕೂಸು ಒಂದೇ ಬಿಡಾರದಲ್ಲಿದ್ದವು. ಕಂಪನಿ ಕ್ಯಾಂಪು ಹಾಕಿದ ಊರಿನಲ್ಲೇ ಅಡುಗೆ, ಅಲ್ಲೇ ತಾಲೀಮು, ಅಲ್ಲೇ ಮಕ್ಕಳು. ಲವಕುಶರೋ ಲೋಹಿತಾಶ್ವನೋ ಬೇಕಾದಾಗ ಹುಡುಕಿಕೊಂಡು ಹೊರಗೆ ಹೋಗಬೇಕಾಗಿರಲಿಲ್ಲ. ತಾಯಿಯ ದುಡಿಮೆಯನ್ನು ಮಕ್ಕಳು ಪಕ್ಕದಲ್ಲೇ ನಿಂತು ನೋಡುತ್ತ ಕಲಿಯುತ್ತಿದ್ದರು.

ಇದೇ ಹೆಂಗಸರು ಸಿನಿಮಾಕ್ಕೆ ಹೋದಾಗ ಅವರಿಗೆ ಸಿಕ್ಕ ಪಾತ್ರಗಳು ಬೇರೆಯೇ. 1945ರ ತೆಲುಗು ಚಿತ್ರ ‘ಸ್ವರ್ಗಸೀಮ’ದಲ್ಲಿ ಜಯಮ್ಮ ಮನೆಯಲ್ಲಿ ಕಾದು ಕೂತ ಸಾಧ್ವಿ ಹೆಂಡತಿ; ಅವಳ ಗಂಡನನ್ನು ಸೆಳೆದು ಸಂಸಾರ ಕೆಡಿಸುವವಳು ನಾಟಕದ ನಟಿ, ಆ ಪಾತ್ರ ಭಾನುಮತಿಯವರದು. ರಂಗದ ಮೇಲೆ ಬೆವರು ಸುರಿಸಿ ಬೆಳೆದ ಕಲಾವಿದೆಯ ಕೈಯಿಂದಲೇ ನಟಿಯ ವಿರುದ್ಧ ಸಾಕ್ಷಿ ಹೇಳಿಸಿದಂತಾಯಿತು. ಮೂರೂವರೆ ದಶಕದ ನಂತರ, 1981ರಲ್ಲಿ, ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’ ಕಂಪನಿ ನಟಿಯನ್ನೇ ನಾಯಕಿ ಮಾಡಿಕೊಂಡಿತು. ಆರತಿಯವರ ಆ ಪಾತ್ರದ ಮೇಲೆ ಚಿತ್ರಕ್ಕೆ ನಿಜವಾದ ಪ್ರೀತಿಯಿದೆ, ಅದನ್ನು ಒಪ್ಪಲೇಬೇಕು. ಆದರೂ ಮದುವೆಯಾಗಿ ರಂಗ ಬಿಟ್ಟವಳು ಮತ್ತೆ ಬಣ್ಣ ಹಚ್ಚಿದ ಒಂದೇ ಕಾರಣಕ್ಕೆ ಗಂಡ ಮಗುವನ್ನೆತ್ತಿಕೊಂಡು ಹೊರಟುಹೋಗುತ್ತಾನೆ. ಕಲೆಗೆ ಕೊಟ್ಟ ಬೆಲೆ ಮಗು. ಕಥೆಯಲ್ಲಿ ಹೀಗೆ ಎದುರುಬದುರು ನಿಂತ ಎರಡನ್ನು ಗುಬ್ಬಿಯ ಹೆಂಗಸರು ದಿನವೂ ಒಟ್ಟಿಗೇ ನಡೆಸಿದ್ದರು.

ಅವರು ಮಾಲೀಕನ ಮನೆಯವರು, ಅವರ ಮಾತು ಎಲ್ಲರಿಗೂ ಹೊಂದುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಸಣ್ಣ ಸಂಬಳಕ್ಕೆ ದುಡಿದ ನಟಿಯರಿಗೆ ಮುಪ್ಪಿನಲ್ಲಿ ಆಸರೆಯಿರಲಿಲ್ಲ, ಊರವರ ಕೊಂಕುಮಾತು ತಪ್ಪುತ್ತಿರಲಿಲ್ಲ, ಕ್ಯಾಂಪಿನಿಂದ ಕ್ಯಾಂಪಿಗೆ ಅಲೆಯುವ ಮಕ್ಕಳಿಗೆ ಶಾಲೆ ಸಿಗುತ್ತಿರಲಿಲ್ಲ. ಆದರೆ ಈ ಕಷ್ಟಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ: ಸಂಬಳ, ಮರ್ಯಾದೆ, ಶಾಲೆ. ಯಾವುದೂ ತಾಯಿಯ ಮನಸ್ಸಿನ ದೋಷವಲ್ಲ. ಸಿನಿಮಾ ಇವನ್ನು ಬದಿಗಿಟ್ಟು, ಕೆಲಸ ಬೇಕೆಂದ ಹೆಣ್ಣಿನ ಎದೆಯೊಳಗೇ ಅಪರಾಧ ಹುಡುಕಿತು. ಪ್ರೇಕ್ಷಕರು ಬಯಸಿದ್ದೇ ತ್ಯಾಗಮಯಿ ತಾಯಿಯನ್ನು ಎಂಬ ಇನ್ನೊಂದು ವಾದವೂ ಅರ್ಧಸತ್ಯ. ಇದೇ ಪ್ರೇಕ್ಷಕರು ಗಂಡುವೇಷ ತೊಟ್ಟು ಕಳ್ಳನಿಂದ ಪಾರಾಗುವ ‘ಸದಾರಮೆ’ಯನ್ನು ಗುಬ್ಬಿ ಕಂಪನಿಯ ಟೆಂಟಿನಲ್ಲಿ ರಾತ್ರಿಗಟ್ಟಲೆ ಕೂತು ನೋಡಿ ಮೆಚ್ಚಿದ್ದರು.

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಈಗಲೂ ಜಾತ್ರೆ, ಹಬ್ಬದ ಸಮಯದಲ್ಲಿ ‘ಕುರುಕ್ಷೇತ್ರ’ ನಾಟಕವಾಡುತ್ತಾರೆ. ಭೀಮ, ದುರ್ಯೋಧನರು ಊರಿನ ರೈತರೇ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿರುತ್ತಾರೆ. ದ್ರೌಪದಿ, ಕುಂತಿಯರ ಪಾರ್ಟಿಗೆ ಮಾತ್ರ ಪೇಟೆಯಿಂದ ಸಂಭಾವನೆ ಮಾತಾಡಿ ಕಲಾವಿದೆಯರನ್ನು ಕರೆಸುತ್ತಾರೆ. ಬೆಳಗಿನ ಜಾವದವರೆಗೆ ಕರ್ಣನ ಮುಂದೆ ತಾಯಿಯಾಗಿ ಕಣ್ಣೀರಿಡುವುದು ಆಕೆಗೆ ಕಸುಬು. ಮನೆಯಲ್ಲಿರುವ ಮಕ್ಕಳ ಫೀಸು ಅದರಿಂದಲೇ ಆಗಬೇಕು. ಸಿನಿಮಾ ನೋಡಬೇಕಾದ ತಾಯಿ ಇವಳು.

ಅತ್ತ ನೋಡಿದ ಚಿತ್ರಗಳು ಇಲ್ಲವೆಂದಲ್ಲ. ಪೃಥ್ವಿ ಕೋಣನೂರು ಅವರ ‘ಪಿಂಕಿ ಎಲ್ಲಿ?’ಯಲ್ಲಿ ತಾಯಿ ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವ ಹೆಂಗಸು ಅದನ್ನು ಭಿಕ್ಷೆಗೆ ಬಾಡಿಗೆ ಕೊಡುತ್ತಾಳೆ. ದುಡಿಯುವ ತಾಯಿಗೆ ಎಚ್ಚರಿಕೆ ಕೊಡುವ ಚಿತ್ರವಿದು ಎಂದು ಯಾರಾದರೂ ಓದಬಹುದು. ನನ್ನ ಓದು ಬೇರೆ: ಮಗು ಕೈಯಿಂದ ಕೈಗೆ ಹೋಗುವಾಗ ಪ್ರತಿ ಕೈಯೂ ಹೊಟ್ಟೆಪಾಡಿಗೆ ದುಡಿಯುವ ಹೆಂಗಸಿನದೇ ಎಂಬುದನ್ನು ಚಿತ್ರ ಮರೆಮಾಚುವುದಿಲ್ಲ. ಇದಕ್ಕೂ ಮುಂಚೆ, 2008ರಲ್ಲಿ, ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಬಂದಿತ್ತು. ಅದರ ನಾಯಕಿಗೆ ಸ್ವಂತ ಮಗುವಿಲ್ಲ, ಗಂಡ ಜೊತೆಗಿಲ್ಲ, ಆದರೆ ಊರಿನ ಮಕ್ಕಳನ್ನು ಭೂಮಿಗೆ ತರುವ ಸೂಲಗಿತ್ತಿ. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀ ಇದೇ ತುಮಕೂರು ಜಿಲ್ಲೆಯ ನೊಣವಿನಕೆರೆಯವರು, ನಾಟಕದಿಂದ ಬಂದವರು, ಹಾಸ್ಯಪಾತ್ರಗಳಲ್ಲಿ ದುಡಿದು ಮಕ್ಕಳನ್ನು ಒಬ್ಬರೇ ಬೆಳೆಸಿದವರು. ಚಿತ್ರದಲ್ಲಿ ಟಾಕೀಸಿನೊಳಗೆ ಕೂತ ಗುಲಾಬಿಯನ್ನು ಹೆರಿಗೆಗೆಂದು ಎಳೆದೊಯ್ಯುತ್ತಾರೆ. ಅದಕ್ಕೆ ಪ್ರತಿಯಾಗಿ ಅವಳ ಮನೆಗೆ ಬಣ್ಣದ ಟಿ.ವಿ. ಬರುತ್ತದೆ. ಕನ್ನಡ ತೆರೆಯ ಮೇಲೆ ಹೆಣ್ಣಿನ ಕೈಚಳಕಕ್ಕೆ ಅಷ್ಟು ನೇರವಾಗಿ ಬೆಲೆ ಕಟ್ಟಿದ ದೃಶ್ಯಗಳು ವಿರಳ.