ಒಲ್ಲೆನೆಂದ ವರ

ನಮ್ಮ ಚಂದಾಪುರದ ಕಡೆ ‘ಒಲ್ಲೆ’ ಎಂಬ ಮಾತು ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತದೆ. ತಾಟಿಗೆ ಇನ್ನೊಂದು ರೊಟ್ಟಿ ಹಾಕಲು ಬಂದರೆ ‘ಒಲ್ಲೆ’. ಮಗುವನ್ನು ಸಾಲಿಗೆ ಹೊರಡಿಸಿದರೆ ‘ಒಲ್ಲೆ’. ವಯಸ್ಸಿಗೆ ಬಂದ ಹುಡುಗನ ಮುಂದೆ ಮದುವೆಯ ಮಾತೆತ್ತಿದರಂತೂ ಮೊದಲು ಬರುವ ಉತ್ತರ ಇದೇ. ದಕ್ಷಿಣದವರು ‘ಬೇಡ’ ಎಂದು ಮುಗಿಸುವಲ್ಲಿ ನಾವು ಹಳಗನ್ನಡದ ಈ ಮಾತನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಇದರಲ್ಲೊಂದು ಸ್ವಾರಸ್ಯವಿದೆ. ಬಯಸು, ಪ್ರೀತಿಸು ಎಂಬ ಅರ್ಥದ ‘ಒಲ್’ ಎಂಬ ಧಾತುವಿನ ನಿಷೇಧ ರೂಪವೇ ‘ಒಲ್ಲೆನು’. ಒಲವು, ಒಲುಮೆ, ಒಲಿದನು ಎಂಬ ಮಾತುಗಳೂ ಇದೇ ಬೇರಿನವು. ಒಲ್ಲೆನೆಂದು ಮುಖ ತಿರುವಿದವನ ಬಾಯಲ್ಲಿಯೂ ಒಲವಿನ ಬೇರು ಉಳಿದೇ ಇರುತ್ತದೆ.

ಮದುವೆಯಾಗಲೊಲ್ಲದ ಬ್ರಹ್ಮಚಾರಿ ಕಡೆಗೆ ಹೇಗೆ ಒಲಿದನೆಂಬ ತಿಳಿಹಾಸ್ಯದ ಪ್ರಣಯ ಕಾದಂಬರಿಗಳೆಲ್ಲ ಈ ‘ಒಲ್ಲೆ’ಗೂ ‘ಒಲವಿ’ಗೂ ನಡುವಣ ದಾರಿಯಲ್ಲಿ ನಡೆಯುತ್ತವೆ. ವಿದ್ವಾಂಸರು ಅವನ್ನು ಮನರಂಜನೆಯ ಸಾಹಿತ್ಯವೆಂದು ಪಕ್ಕಕ್ಕೆ ಸರಿಸುವುದುಂಟು. ನಾನೂ ಬಹುಕಾಲ ಹಾಗೆಯೇ ಸರಿಸಿದವನು. ಆದರೆ ಈ ಹಗುರಾದ ಕಥೆಗಳ ಹಿಂದೆ ಹಗುರಲ್ಲದ ಒಂದು ಇತಿಹಾಸವಿದೆ. ಅದನ್ನು ಶ್ರೋತೃಗಳ ಮುಂದೆ ಇಡಬೇಕೆಂಬುದು ಈ ಭಾಷಣದ ಉದ್ದೇಶ.

ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಒಲ್ಲದ ವರರಿಗೇನೂ ಕೊರತೆಯಿಲ್ಲ. ಆದರೆ ಅವರ ದಾರಿಯೇ ಬೇರೆ. ಜೈನ ಪುರಾಣಗಳ ನೇಮಿನಾಥನನ್ನು ನೆನೆಯಿರಿ. ಉಗ್ರಸೇನನ ಮಗಳು ರಾಜೀಮತಿಯನ್ನು ವರಿಸಲು ಮೆರವಣಿಗೆಯಲ್ಲಿ ಬಂದವನು, ಮದುವೆಯ ಔತಣಕ್ಕಾಗಿ ಕೂಡಿಹಾಕಿದ ಪ್ರಾಣಿಗಳನ್ನು ಕಂಡು, ಹಸೆಮಣೆಗೆ ಬೆನ್ನು ತಿರುಗಿಸಿ ತಪಸ್ಸಿಗೆ ಹೊರಟುಬಿಟ್ಟನು. ಹದಿನೈದನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಬನವಾಸಿಯ ರಾಜಕುಮಾರಿ ಮಾಯೆ ಮದ್ದಳೆ ನುಡಿಸುವ ಅಲ್ಲಮನಿಗೆ ಮನಸೋಲುತ್ತಾಳೆ, ಅವನು ಕೈಗೆ ಸಿಕ್ಕಂತೆ ತೋರಿ ಸಿಕ್ಕುವುದೇ ಇಲ್ಲ. ಕುತೂಹಲದ ಸಂಗತಿಯೆಂದರೆ, ಚಾಮರಸನಿಗಿಂತ ಹಿಂದಿನ ಹರಿಹರನು ತನ್ನ ರಗಳೆಯಲ್ಲಿ ಇದೇ ಅಲ್ಲಮನನ್ನು ಪ್ರಣಯಿಯಾಗಿಯೇ ಚಿತ್ರಿಸಿದ್ದಾನೆ. ಅಲ್ಲಿ ಅಲ್ಲಮನು ಕಮಲತೆಯನ್ನು ಒಲಿದು ವರಿಸುತ್ತಾನೆ. ಅವಳು ಜ್ವರದಿಂದ ತೀರಿಕೊಂಡ ಮೇಲೆ ಹುಚ್ಚನಂತೆ ಅಲೆದು ಅನಿಮಿಷನ ಬಳಿ ಸೇರುತ್ತಾನೆ. ಒಲಿದು ಕಳೆದುಕೊಂಡವನು ಒಬ್ಬನಲ್ಲಿ, ಮೊದಲಿನಿಂದಲೇ ಒಲ್ಲದವನು ಇನ್ನೊಬ್ಬನಲ್ಲಿ. ವ್ಯಕ್ತಿ ಒಬ್ಬನೇ ಆದರೂ ಕಾಲ ಬದಲಾದಂತೆ ಕವಿಗೆ ಬೇಕಾದ ಅಲ್ಲಮನೂ ಬದಲಾದನು.

ಇನ್ನೊಂದು ದಾರಿ ಬಾಣನದು. ಅವನ ‘ಕಾದಂಬರಿ’ಯನ್ನು ನಾಗವರ್ಮನು ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಕನ್ನಡಕ್ಕೆ ತಂದನು. ಅದರಲ್ಲಿ ಪುಂಡರೀಕನೆಂಬ ಋಷಿಕುಮಾರನಿದ್ದಾನೆ. ಅವನ ಕಿವಿಯ ಹೂವಿನ ಕಂಪನ್ನು ಹಿಂಬಾಲಿಸಿ ಬಂದ ಮಹಾಶ್ವೇತೆಯನ್ನು ಕಂಡದ್ದೇ ತಡ, ಜಪಮಾಲೆಯ ಹಿಡಿತ ಸಡಿಲವಾಯಿತು. ಗೆಳೆಯ ಕಪಿಂಜಲನು ಎಷ್ಟು ಬೈದು ಬುದ್ಧಿ ಹೇಳಿದರೂ ಫಲವಾಗಲಿಲ್ಲ. ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಈ ಸಾಹಿತ್ಯಪ್ರಕಾರಕ್ಕೆ ಕಾದಂಬರಿಯೆಂಬ ಹೆಸರೇ ನಿಂತದ್ದು ಈ ಗ್ರಂಥದಿಂದ. ಒಲ್ಲದ ಬ್ರಹ್ಮಚಾರಿ ಒಲಿದ ಕಥೆಯೊಂದು ಕಾದಂಬರಿಯ ಹೆಸರಿನೊಳಗೇ ಅಡಗಿದೆಯೆಂದರೆ ತಪ್ಪಾಗಲಾರದು.

ಆದರೆ ಇಲ್ಲೆಲ್ಲ ಬ್ರಹ್ಮಚಾರಿಯೆಂದರೆ ತಪಸ್ವಿ, ತೀರ್ಥಂಕರ, ಶರಣ. ಸಾಮಾನ್ಯ ಮನೆಯ ಹುಡುಗನು ‘ಒಲ್ಲೆ’ ಎನ್ನುವ ಕಥೆ ಹಿಂದೆ ಏಕೆ ಕಾಣುವುದಿಲ್ಲ? ಉತ್ತರ ಸರಳ. ಬಾಲ್ಯವಿವಾಹದ ಸಮಾಜದಲ್ಲಿ ಹುಡುಗನನ್ನು ಕೇಳುತ್ತಿದ್ದವರು ಯಾರು? ಬುದ್ಧಿ ಬಲಿಯುವುದರೊಳಗೆ ಬಾಸಿಂಗ ಬಿದ್ದಾಗಿರುತ್ತಿತ್ತು. ಬಾಲ್ಯಕ್ಕೂ ಸಂಸಾರಕ್ಕೂ ನಡುವೆ ‘ಅವಿವಾಹಿತ ತರುಣ’ನೆಂಬವನು ನಿಲ್ಲಲು ಜಾಗವೇ ಇರಲಿಲ್ಲ. ಆ ಜಾಗವನ್ನು ಮಾಡಿಕೊಟ್ಟದ್ದು ಇಂಗ್ಲಿಷ್ ಶಾಲೆ, ಊರು ಬಿಟ್ಟು ಓದುವ ಕಾಲೇಜು, ವಿದ್ಯಾರ್ಥಿನಿಲಯ ಹಾಗೂ ಸರಕಾರಿ ನೌಕರಿ. ಒಲ್ಲದ ವರನು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಮ್ಮಲ್ಲಿ ಹುಟ್ಟಿದ ಹೊಸ ಮನುಷ್ಯ.

ಆ ಹೊಸ ಮನುಷ್ಯನಿಗೆ ಕನ್ನಡದಲ್ಲಿ ಹೆಸರಿಟ್ಟವರು ಮಾಸ್ತಿ ವೆಂಕಟೇಶ ಅಯ್ಯಂಗಾರರು. ಅವರು 1910ರಲ್ಲಿ ಬರೆದ ‘ರಂಗಪ್ಪನ ಮದುವೆ’ ಕಾದಂಬರಿಯಲ್ಲ, ಸಣ್ಣಕಥೆ. 1920ರ ‘ಕೆಲವು ಸಣ್ಣ ಕಥೆಗಳು’ ಸಂಕಲನದಲ್ಲಿ ಸೇರಿದ್ದು. ಆದರೆ ಮುಂದೆ ಬಂದ ನೂರಾರು ಕಾದಂಬರಿಗಳ ಅಚ್ಚು ಇದರಲ್ಲಿಯೇ ಇದೆ. ಹೊಸಹಳ್ಳಿಯ ರಂಗಪ್ಪನು ಬೆಂಗಳೂರಿನಲ್ಲಿ ಇಂಗ್ಲಿಷ್ ಕಲಿತು ಊರಿಗೆ ಬರುತ್ತಾನೆ. ಅವನನ್ನು ನೋಡಲು ಊರೇ ನೆರೆಯುತ್ತದೆ. ಜನಿವಾರ ಹೋಗಿಲ್ಲವೆಂದು ಮುಟ್ಟಿ ನೋಡಿಕೊಂಡ ಮೇಲೆಯೇ ಮುದುಕಿಯೊಬ್ಬಳಿಗೆ ಸಮಾಧಾನ. ಮದುವೆಯ ಮಾತು ಬಂದಾಗ ರಂಗಪ್ಪನ ನಿಲುವು ಸ್ಪಷ್ಟ: ಚಿಕ್ಕ ಹುಡುಗಿಯನ್ನು ಕಟ್ಟಿಕೊಳ್ಳಲಾರೆ, ಮೆಚ್ಚುವಂಥವಳು ಸಿಗದಿದ್ದರೆ ಹೀಗೆಯೇ ಇರುತ್ತೇನೆ. ಕಥೆ ಹೇಳುವ ಶ್ಯಾಮನಿಗೆ ಇದು ಸವಾಲಾಗುತ್ತದೆ. ರಾಮರಾಯರ ಸೋದರ ಸೊಸೆ ರತ್ನಳು ಹಾಡುವಾಗ ರಂಗಪ್ಪನು ಬಾಗಿಲಿಗೆ ಬರುವಂತೆ ಶ್ಯಾಮನು ಹೂಡುತ್ತಾನೆ. ರಂಗಪ್ಪನ ಕಣ್ಣು ಆ ಕಡೆ ನೆಟ್ಟಾಗ, ಅವಳಿಗೆ ಮದುವೆಯಾಗಿ ವರುಷವಾಯಿತೆಂದು ಒಂದು ಸುಳ್ಳು. ಮುಖ ಬಾಡಿದವನನ್ನು ಶಾಸ್ತ್ರಿಗಳ ಬಳಿಗೆ ಕರೆದೊಯ್ಯುತ್ತಾನೆ. ಮೊದಲೇ ಪಾಠ ಒಪ್ಪಿಸಿಕೊಂಡಿದ್ದ ಶಾಸ್ತ್ರಿಗಳು ಕವಡೆ ಹಾಕಿ, ಸಮುದ್ರದಲ್ಲಿ ದೊರೆಯುವ ವಸ್ತುವಿನ ಹೆಸರಿನವಳೆಂದು ಒಗಟು ಬಿಡಿಸುತ್ತಾರೆ. ಬಳಿಕ ಮದುವೆಯ ಸುಳ್ಳು ಸುಳ್ಳೆಂದು ತಿಳಿಯುತ್ತದೆ. ಕೊನೆಗೆ ರಂಗಪ್ಪನು ಶ್ಯಾಮನ ಹೆಸರನ್ನೇ ಮಗನಿಗಿಟ್ಟು ಅವನನ್ನು ಊಟಕ್ಕೆ ಕರೆಯುತ್ತಾನೆ.

ಗೆಳೆಯನ ಸಂಚು, ಮರೆಯಿಂದ ಕೇಳಿದ ಹಾಡು, ಅಸೂಯೆ ಹುಟ್ಟಿಸುವ ಸುಳ್ಳು, ಎಲ್ಲವನ್ನೂ ತಿಳಿದ ಹಿರಿಯರ ನಟನೆ: ಈ ಸಾಮಗ್ರಿ ಜಗತ್ತಿಗೆಲ್ಲ ಸಮಾನವಾದದ್ದು. ಷೇಕ್ಸ್‌ಪಿಯರನ ಬೆನೆಡಿಕ್ಕನೂ ಮದುವೆಯನ್ನು ಗೇಲಿ ಮಾಡುತ್ತಿದ್ದವನೇ. ಗೆಳೆಯರು ಅವನಿಗೆ ಕೇಳಿಸಲೆಂದೇ ಆಡಿದ ಮಾತಿನಿಂದ ಸೋತನು. ಜೇನ್ ಆಸ್ಟಿನ್ನಳ ಡಾರ್ಸಿಯು 1813ರಲ್ಲಿ ತನ್ನ ಬಿಗುಮಾನವನ್ನು ಕೆಳಗಿಳಿಸಬೇಕಾಯಿತು. ವುಡ್‌ಹೌಸನ ಬರ್ಟಿ ವೂಸ್ಟರ್ ಮಾತ್ರ ಸೇವಕ ಜೀವ್ಸನ ಬುದ್ಧಿಬಲದಿಂದ ಪ್ರತಿ ಸಲವೂ ತಪ್ಪಿಸಿಕೊಂಡನು. 1908ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಮಿಲ್ಸ್ ಅಂಡ್ ಬೂನ್ ಪ್ರಕಾಶನವು ಮುಂದಿನ ದಶಕಗಳಲ್ಲಿ ಇಂಥ ಕಥೆಗಳನ್ನೇ ಉದ್ಯಮವಾಗಿಸಿಕೊಂಡಿತು.

ಇಷ್ಟರವರೆಗೆ ನಗೆಯ ಮಾತಾಯಿತು. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲದ ಒಂದು ಪ್ರಸಂಗ ನೆನಪಾಗುತ್ತದೆ. ‘ರಂಗಪ್ಪನ ಮದುವೆ’ಯನ್ನು ರಸವತ್ತಾಗಿ ವಿವರಿಸಿ ತರಗತಿಯನ್ನು ನಗಿಸಿ ಕುಳಿತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ರಂಗಪ್ಪಗ ಮನಸ್ಸು ಬಂತು, ಖರೆ. ರತ್ನಾಗ ಯಾರರ ಕೇಳ್ಯಾರೇನ್ರಿ?” ಎಂದಳು. ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಘಂಟೆ ಬಾರಿಸಿದ್ದು ನನ್ನ ಪುಣ್ಯ.

ಮನೆಗೆ ಬಂದು ಕಥೆಯನ್ನು ಮತ್ತೆ ತೆಗೆದು ನೋಡಿದೆ. ರತ್ನಳಿಗೆ ಹನ್ನೊಂದು ವರುಷ, ತಂದೆತಾಯಿಗಳಿಲ್ಲ. ಚಿಕ್ಕವಳನ್ನು ಒಲ್ಲೆನೆಂದಿದ್ದ ರಂಗಪ್ಪನು ಕೊನೆಗೆ ಒಲಿದದ್ದು ಹನ್ನೊಂದರ ಬಾಲೆಗೆ. ಮೈಸೂರು ಸಂಸ್ಥಾನವು 1894ರಲ್ಲಿ ತಂದ ಬಾಲ್ಯವಿವಾಹ ನಿರೋಧದ ಕಾಯಿದೆ ತಡೆದದ್ದು ಎಂಟು ವರುಷ ತುಂಬದ ಹುಡುಗಿಯರ ಮದುವೆಯನ್ನು. ಆದುದರಿಂದ ಶ್ಯಾಮನ ಸಂಚಿನಲ್ಲಿ ಕಾನೂನಿಗೆ ವಿರುದ್ಧವಾದದ್ದೇನೂ ಇರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯಿದೆ ಬಂದು ಹುಡುಗಿಗೆ ಹದಿನಾಲ್ಕು ಎಂದು ಗೊತ್ತುಮಾಡಿದ್ದು 1929ರಲ್ಲಿ, ಹದಿನೆಂಟಾದದ್ದು 1978ರಲ್ಲಿ. ಮಾಸ್ತಿಯವರಿಗೆ ಇದರ ಅರಿವಿರಲಿಲ್ಲವೆಂದು ನಾನು ಹೇಳಲಾರೆ. ದೊಡ್ಡ ಮಾತಾಡಿದ ರಂಗಪ್ಪನು ಒಂದೇ ಹಾಡಿಗೆ ಎಡವಿದ್ದರ ಮೇಲೆ ಅವರ ಮುಗುಳುನಗೆ ಇದ್ದೇ ಇದೆ. ಆದರೂ ‘ಒಲ್ಲೆ’ ಎನ್ನುವ ಅಧಿಕಾರ ಆ ಕಥೆಯಲ್ಲಿ ವರನಿಗೆ ಮಾತ್ರ ಇದೆ. ರತ್ನಳದು ಹಾಡು ನಿಲ್ಲಿಸಿ ನಾಚಿ ನಿಲ್ಲುವ ಪಾತ್ರ. ಪ್ರಣಯಕ್ಕೆ ಇಬ್ಬರ ಒಲವು ಬೇಕಾದರೆ ಇಬ್ಬರಿಗೂ ‘ಒಲ್ಲೆ’ ಎನ್ನುವ ಸ್ವಾತಂತ್ರ್ಯ ಮೊದಲು ಬೇಕು. ಅದು ಹೆಣ್ಣಿಗೆ ದೊರೆತದ್ದು ಯಾವಾಗ?

ಅದಕ್ಕೆ ಹೆಣ್ಣುಮಕ್ಕಳು ಓದಬೇಕಾಯಿತು; ಓದಿ, ಬರೆಯಬೇಕಾಯಿತು. 1899ರ ‘ಇಂದಿರಾಬಾಯಿ’ಯಲ್ಲಿ ಗುಲ್ವಾಡಿ ವೆಂಕಟರಾಯರು ಬಾಲವಿಧವೆಯೊಬ್ಬಳನ್ನು ಓದಿಸಿ, ಮರುಮದುವೆ ಮಾಡಿಸಿದರು. ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಹೆಣ್ಣುಮಕ್ಕಳ ಶಾಲೆ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಇಂಥ ವಿದ್ಯೆಯ ಫಲವಾಗಿ ಈ ಶತಮಾನಕ್ಕೆ ಹಿಂದಿನ ಶತಮಾನದ ನಡುವಿನಲ್ಲಿ ತ್ರಿವೇಣಿ, ವಾಣಿ, ಎಂ. ಕೆ. ಇಂದಿರಾ, ಬಳಿಕ ಉಷಾ ನವರತ್ನರಾಂ, ಸಾಯಿಸುತೆ ಮೊದಲಾದ ಲೇಖಕಿಯರು ಬಂದರು. ಅವರನ್ನು ಓದುವ ಮಹಿಳೆಯರೂ ಬಂದರು.

ನಮ್ಮ ಭಾಗಕ್ಕೆ ಈ ಓದು ತಡವಾಗಿ ಬಂದಿತು. ನಿಜಾಮರ ಆಡಳಿತದಲ್ಲಿ ಉರ್ದುವೇ ಶಾಲೆಯ ಹಾಗೂ ಕಚೇರಿಯ ಭಾಷೆ. 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತಾದರೂ, ಹಳ್ಳಿಯ ಮನೆಗಳಿಗೆ ಕನ್ನಡ ಪುಸ್ತಕ ಮುಟ್ಟಲು 1948ರ ವಿಮೋಚನೆ, 1956ರ ಏಕೀಕರಣ ಆಗಬೇಕಾಯಿತು. ಚಂದಾಪುರಕ್ಕೆ ರೈಲಿಲ್ಲ, ವಾರಪತ್ರಿಕೆ ಬರುವುದು ಕಲಬುರಗಿಯ ಬಸ್ಸಿನಲ್ಲಿ. 1965ರಲ್ಲಿ ‘ಸುಧಾ’ ಆರಂಭವಾದ ಮೇಲೆ ಧಾರಾವಾಹಿಯ ಗೀಳು ನಮ್ಮ ಮನೆಗೂ ಹತ್ತಿತು. ನಮ್ಮ ಅಕ್ಕ ಧಾರಾವಾಹಿಯ ಹಾಳೆಗಳನ್ನು ಬಿಡಿಸಿ, ದಬ್ಬಣದಿಂದ ಹೊಲಿದು, ಜೋಳದ ಹಗೇವಿನ ಕೋಣೆಯಲ್ಲಿ ಕುಳಿತು ಓದುತ್ತಿದ್ದಳು. ಅಪ್ಪ ಕಂಡರೆ ಅದು ಅಡುಗೆಯ ಪುಸ್ತಕ.

ಆ ಕಾದಂಬರಿಗಳ ನಾಯಕನನ್ನು ನೀವೂ ಬಲ್ಲಿರಿ. ಇಂಜಿನಿಯರ್, ಡಾಕ್ಟರ್, ಇಲ್ಲವೇ ಕಾಫಿ ತೋಟದ ಒಡೆಯ, ಮಿತಭಾಷಿ, ಮುಂಗೋಪಿ. ಹೆಣ್ಣೆಂದರೆ ದೂರ, ಕಾರಣ ಹಳೆಯದೊಂದು ಮೋಸ, ಇಲ್ಲವೇ ತಂಗಿಯರ ಹೊಣೆ. ಒಂದು ಮಳೆ, ಒಂದು ಜ್ವರ, ತಪ್ಪು ತಿಳಿದ ಒಂದು ಪತ್ರ, ಮತ್ತೆ ಶುಭಂ. ವಾಣಿಯವರ ‘ಎರಡು ಕನಸು’ ಈ ಅಚ್ಚನ್ನು ಸ್ವಲ್ಪ ತಿರುಗಿಸಿತು. ಅಲ್ಲಿ ರಾಮಚಂದ್ರನು ಒಲ್ಲದ ವರನಷ್ಟೇ ಅಲ್ಲ, ಒಲ್ಲದ ಗಂಡ. ಲಲಿತೆಯ ನೆನಪಿನಲ್ಲಿ ಕೊರಗುತ್ತ, ಮನೆಯವರ ಬಲವಂತಕ್ಕೆ ಗೌರಿಯನ್ನು ಕಟ್ಟಿಕೊಂಡು, ಅವಳ ಮುಖ ನೋಡುವುದಿಲ್ಲ. ತಾಳಿಯಾದ ಮೇಲೆ ಒಲವಿನ ದಾರಿ ತೆರೆಯುತ್ತದೆ. 1974ರಲ್ಲಿ ಅದು ಚಲನಚಿತ್ರವಾದಾಗ ಜನ ಮುಗಿಬಿದ್ದು ನೋಡಿದರು. ಇಲ್ಲಿಯೂ ಕಾಯುವ ಕೆಲಸ ಹೆಣ್ಣಿನದೇ.

ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರ ದೊರೆತದ್ದು ತ್ರಿವೇಣಿಯವರಲ್ಲಿ. ಮನಶ್ಶಾಸ್ತ್ರವನ್ನು ಅಭ್ಯಾಸಮಾಡಿದ್ದ ಈ ಲೇಖಕಿ 1963ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ಅವರ ‘ಬೆಳ್ಳಿ ಮೋಡ’ 1967ರಲ್ಲಿ ಪುಟ್ಟಣ್ಣ ಕಣಗಾಲರಿಂದ ಚಿತ್ರವಾಯಿತು. ಇಂದಿರೆ ಆಸ್ತಿಗೆ ಒಬ್ಬಳೇ ವಾರಸುದಾರಳೆಂದು ತಿಳಿದಿದ್ದಾಗ ಮೋಹನನಿಗೆ ಅವಳು ಬೇಕು. ಅವಳಿಗೊಬ್ಬ ತಮ್ಮ ಹುಟ್ಟಿದೊಡನೆ ಅವನು ಒಲ್ಲದ ವರನಾಗುತ್ತಾನೆ. ಅವನು ಕಾಲು ಮುರಿದು ಮಲಗಿದಾಗ ಅದೇ ಇಂದಿರೆ ಶುಶ್ರೂಷೆ ಮಾಡುತ್ತಾಳೆ. ಅವನ ಮನಸ್ಸು ಕರಗುತ್ತದೆ, ಕೈಹಿಡಿಯಲು ಸಿದ್ಧನಾಗುತ್ತಾನೆ. ಅಚ್ಚಿನ ಪ್ರಕಾರ ಇಲ್ಲಿ ಓಲಗ ಊದಬೇಕು. ಆದರೆ ಇಂದಿರೆ ನಿರಾಕರಿಸುತ್ತಾಳೆ. ಅವನ ಆರೈಕೆ ಮಾಡಿದ್ದು ಅವನನ್ನು ಮರಳಿ ಪಡೆಯಲಿಕ್ಕಲ್ಲ.

ಇಂದಿರೆಯ ಆ ‘ಒಲ್ಲೆ’ಗೆ ರತ್ನಳ ಮೌನದಿಂದ ಸುಮಾರು ಅರ್ಧ ಶತಮಾನದ ದೂರ. ಇಷ್ಟು ದೂರ ಬರಲು ಕಾಯಿದೆಗಳು, ಶಾಲೆಗಳು, ಹಗೇವಿನ ಕೋಣೆಯಲ್ಲಿ ಕದ್ದು ಓದಿದ ಹಾಳೆಗಳು ಎಲ್ಲವೂ ಬೇಕಾದವು. ನಮ್ಮ ಅಕ್ಕ ಆ ಪುಸ್ತಕ ಮುಗಿಸಿದ ದಿನ ಬಹಳ ಹೊತ್ತು ಮಾತಾಡಲಿಲ್ಲ. ಅವಳ ಮದುವೆ ಅಪ್ಪ ಗೊತ್ತುಮಾಡಿದಂತೆಯೇ ಆಯಿತು. ಅವಳನ್ನು ಯಾರೂ ಕೇಳಿರಲಿಲ್ಲ. ಸಂಸಾರ ಚೆನ್ನಾಗಿಯೇ ಸಾಗಿತೆನ್ನಿ. ಆದರೆ ತನ್ನ ಮಗಳಿಗೆ ವರನನ್ನು ತೋರಿಸುವ ದಿನ, ಬೀಗರು ಬರುವ ಮೊದಲು, ಅಕ್ಕ ಅವಳನ್ನು ಒಳಗೆ ಕರೆದು, “ಒಲ್ಲೆ ಅನ್ನೂದಿದ್ರ ಈಗೇ ಅಂದ್‌ಬಿಡವ್ವ” ಎಂದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಕಾಲಚಕ್ರ ಈಗ ಇನ್ನೊಂದು ಸುತ್ತು ತಿರುಗಿದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ತರುಣರು, ಕನ್ಯೆ ದೊರೆಯಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅವರಲ್ಲಿ ಒಕ್ಕಲುತನದ ಮನೆಯವರೇ ಹೆಚ್ಚು. ನಮ್ಮ ಚಿಂಚೋಳಿ ಸೀಮೆಯ ತೊಗರಿ ಬೆಳೆಯುವ ಮನೆಗಳಲ್ಲಿಯೂ ಇದೇ ಚಿಂತೆಯ ಮಾತು ಕೇಳಿಬರುತ್ತದೆ. ಈಗ ವರ ಒಲ್ಲೆನೆನ್ನುವುದಿಲ್ಲ, ಕನ್ಯೆ ಒಲ್ಲೆನೆನ್ನುತ್ತಾಳೆ. ಇದನ್ನು ಕೇಳಿ ನಗುವವರಿದ್ದಾರೆ, ಹೆಣ್ಣುಮಕ್ಕಳನ್ನು ದೂರುವವರೂ ಇದ್ದಾರೆ. ಆ ಹುಡುಗರ ಸಂಕಟ ನಿಜವಾದದ್ದು; ಅದಕ್ಕೆ ನಗುವುದು ತರವಲ್ಲ. ದೂರುವ ಮೊದಲು ಮಾತ್ರ ರತ್ನಳನ್ನೊಮ್ಮೆ ನೆನೆಯಬೇಕು. ಕೇಳದೆ ಪಡೆದದ್ದು ಒಲವಾಗಲಾರದು. ‘ಒಲ್ಲೆ’ ಎನ್ನಬಲ್ಲವಳು ‘ಒಲಿದೆ’ ಎಂದಾಗಲೇ ಆ ಮಾತಿಗೆ ತೂಕ. ಇಂದಿನ ಆ ಹುಡುಗರ ಕಥೆಯನ್ನು ಬರೆಯುವ ಹೊಸ ಮಾಸ್ತಿ, ಹೊಸ ತ್ರಿವೇಣಿ ಬರಬೇಕಾಗಿದೆ. ಬಂದಾಗ ಆ ಕಥೆಯೂ ತಿಳಿಹಾಸ್ಯದ್ದೇ ಆಗಿರಲಿ, ಇಬ್ಬರೂ ಕೂಡಿ ನಗುವಂಥದ್ದಾಗಿರಲಿ ಎಂದು ಹಾರೈಸುತ್ತೇನೆ.