ವಿದ್ಯುತ್ ಪಲ್ಸ್ ಮೂಲಕ ಉಕ್ಕಿನ ಸ್ಫಟಿಕ ವಿನ್ಯಾಸದ ಬದಲಾವಣೆ: ಪೇಟೆಂಟ್ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ಉಕ್ಕು ಅಸಂಖ್ಯ ಸೂಕ್ಷ್ಮ ಹರಳುಗಳಿಂದ ಕೂಡಿರುತ್ತದೆ. ಈ ಹರಳುಗಳಲ್ಲಿ ಹೆಚ್ಚಿನವು ನಿರ್ದಿಷ್ಟ ದಿಕ್ಕಿಗೆ ಹೊಂದಿಕೊಂಡಿರುವ ಸ್ಥಿತಿಯನ್ನು ಸ್ಫಟಿಕ ವಿನ್ಯಾಸ ಎನ್ನಲಾಗುತ್ತದೆ. ಕಬ್ಬಿಣದ ಹರಳು ತನ್ನ ಘನಾಕೃತಿಯ ಅಂಚಿನ ದಿಕ್ಕಿನಲ್ಲಿ ಸುಲಭವಾಗಿ ಕಾಂತತ್ವ ಪಡೆಯುತ್ತದೆ. ಆದ್ದರಿಂದ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಬಳಸುವ, ಸುಮಾರು ಶೇ. 3ರಷ್ಟು ಸಿಲಿಕಾನ್ ಇರುವ ಉಕ್ಕಿನ ತಗಡಿನಲ್ಲಿ ಹರಳುಗಳ ಜೋಡಣೆ ಸರಿಯಾಗಿದ್ದಷ್ಟೂ ವಿದ್ಯುತ್ ನಷ್ಟ ಕಡಿಮೆಯಾಗುತ್ತದೆ. ಇಂತಹ ತಗಡಿನ ತಯಾರಿಕಾ ವಿಧಾನಕ್ಕೆ ನಾರ್ಮನ್ ಗಾಸ್ ಅವರು 1934ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದರು.

ವಿಧಾನ

ರೋಲಿಂಗ್ ಮಾಡಿದ ತಗಡನ್ನು ಸಾಮಾನ್ಯವಾಗಿ ಕುಲುಮೆಯಲ್ಲಿ ಕಾಯಿಸಿ ಹೊಸ ಹರಳುಗಳನ್ನು ಬೆಳೆಸಲಾಗುತ್ತದೆ. ಪಲ್ಸ್ ವಿಧಾನದಲ್ಲಿ ಅಧಿಕ ಸಾಂದ್ರತೆಯ ವಿದ್ಯುತ್ತನ್ನು ಅತ್ಯಲ್ಪ ಅವಧಿಯ ಮಿಡಿತಗಳಾಗಿ ತಗಡಿನ ಮೂಲಕ ಹರಿಸಲಾಗುತ್ತದೆ. ಹೊಸ ಹರಳುಗಳು ಬೇಗನೆ ಮೂಡುತ್ತವೆ. ಯಾವ ದಿಕ್ಕಿನ ಹರಳುಗಳು ಮೇಲುಗೈ ಪಡೆಯುತ್ತವೆ ಎಂಬುದೂ ಬದಲಾಗಬಹುದು. ಈ ಪರಿಣಾಮದಲ್ಲಿ ಶಾಖದ ಪಾಲೆಷ್ಟು, ಹರಿಯುವ ಎಲೆಕ್ಟ್ರಾನ್‌ಗಳ ಪಾಲೆಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಲೋಹವನ್ನು ವಿದ್ಯುತ್ತಿನಿಂದ ಕಾಯಿಸುವುದು ಹಳೆಯ ವಿಧಾನವಾಗಿದೆ. ಅಷ್ಟನ್ನೇ ತೋರಿಸುವ ಅರ್ಜಿಗೆ ಹೊಸತನದ ಬಗ್ಗೆ ಆಕ್ಷೇಪಣೆ ಬರಬಹುದು. ಆದ್ದರಿಂದ ಅದೇ ತಾಪಮಾನಕ್ಕೆ, ಅಷ್ಟೇ ಅವಧಿಗೆ ಪಲ್ಸ್ ಇಲ್ಲದೆ ಕಾಯಿಸಿದ ಮಾದರಿಯೊಂದಿಗೆ ಹೋಲಿಕೆ ನೀಡುವುದು ಸೂಕ್ತ.

2. ಪೇಟೆಂಟ್ ಅಧಿನಿಯಮ, 1970ರ ಪ್ರಕರಣ 10ರಂತೆ ಆವಿಷ್ಕಾರವನ್ನೂ ಅದನ್ನು ನಡೆಸುವ ವಿಧಾನವನ್ನೂ ಪೂರ್ಣವಾಗಿ ವಿವರಿಸತಕ್ಕದ್ದು. ಉಕ್ಕಿನ ಸಂಯೋಜನೆ, ತಗಡಿನ ದಪ್ಪ, ವಿದ್ಯುತ್ ಸಾಂದ್ರತೆ, ಪಲ್ಸ್‌ನ ಅವಧಿ ಮತ್ತು ಸಂಖ್ಯೆ, ವಿದ್ಯುತ್ ಹರಿದ ದಿಕ್ಕು, ತಲುಪಿದ ತಾಪಮಾನ ಹಾಗೂ ಪ್ರಯೋಗದ ಮುಂಚಿನ ಮತ್ತು ನಂತರದ ಎಕ್ಸ್-ರೇ ಅಳತೆಗಳನ್ನು ನಮೂದಿಸುವುದು.

3. ಅರ್ಜಿ ಸಲ್ಲಿಸುವ ಮುನ್ನ ಸಂಶೋಧನಾ ಪ್ರಬಂಧ ಪ್ರಕಟಿಸಿದಲ್ಲಿ ಹಕ್ಕು ಕೈತಪ್ಪಬಹುದು. ಪ್ರಕರಣ 31ರ ವಿನಾಯಿತಿಯು ಸೀಮಿತ ಸಂದರ್ಭಗಳಿಗೆ, 12 ತಿಂಗಳವರೆಗೆ ಮಾತ್ರ ಅನ್ವಯಿಸುತ್ತದೆ. ಪ್ರಯೋಗಗಳು ಮುಗಿಯದಿದ್ದಲ್ಲಿ ತಾತ್ಕಾಲಿಕ ವಿವರಣಾಪತ್ರ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣಾಪತ್ರ ಸಲ್ಲಿಸಬಹುದು.

4. ಪರೀಕ್ಷಣೆಗಾಗಿ ನಮೂನೆ 18ರಲ್ಲಿ ಪ್ರತ್ಯೇಕ ಕೋರಿಕೆ ಸಲ್ಲಿಸತಕ್ಕದ್ದು. 2024ರ ತಿದ್ದುಪಡಿ ನಿಯಮಗಳಂತೆ ಹೊಸ ಅರ್ಜಿಗಳಿಗೆ ಈ ಅವಧಿ 31 ತಿಂಗಳು. ತಪ್ಪಿದಲ್ಲಿ ಅರ್ಜಿಯನ್ನು ಹಿಂಪಡೆದಂತೆ ಪರಿಗಣಿಸಲಾಗುತ್ತದೆ.

ಪೇಟೆಂಟ್‌ನ ಅವಧಿ ಅರ್ಜಿ ಸಲ್ಲಿಸಿದ ದಿನಾಂಕದಿಂದ 20 ವರ್ಷಗಳು. ಕರ್ನಾಟಕದ ಅರ್ಜಿದಾರರು ಚೆನ್ನೈ ಪೇಟೆಂಟ್ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಅರ್ಜಿಗಳನ್ನು ಆನ್‌ಲೈನ್ ಮೂಲಕವೂ ಸಲ್ಲಿಸಬಹುದಾಗಿದೆ.